ಯಾವ ಹಡಗು ಇಲ್ಲದಿದ್ದರೆ ಉಳಿದ ಹಡಗುಗಳು ನಿಂತುಹೋಗುತ್ತವೆ?

(ಮಂಗಳೂರಿನಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಒಂದು ನೌಕಾಪಡೆಯಲ್ಲಿ ಎಷ್ಟು ಹಡಗುಗಳಿರಬೇಕು ಎಂಬ ಪ್ರಶ್ನೆಗೆ ಪತ್ರಿಕೆಗಳಲ್ಲಿ ಸುಲಭವಾಗಿ ಉತ್ತರ ಸಿಗುತ್ತದೆ. 2035ರ ಹೊತ್ತಿಗೆ ಭಾರತದ ಗುರಿ ಸುಮಾರು 175 ಎಂದು ಓದುತ್ತೇವೆ. ಚೀನಾದ ಬಳಿ 370ಕ್ಕೂ ಹೆಚ್ಚು ಇವೆ ಎಂದು ಅಮೆರಿಕದ ರಕ್ಷಣಾ ಇಲಾಖೆಯ ವರದಿ ಹೇಳುತ್ತದೆ. ಈ ಎಣಿಕೆಯಲ್ಲಿ ಸುಮಾರು 45,000 ಟನ್ನಿನ ವಿಮಾನವಾಹಕ ನೌಕೆ ವಿಕ್ರಾಂತ್ ಕೂಡ ಒಂದು, 900 ಟನ್ನಿನ ಪುಟ್ಟ ಹಡಗು ಕೂಡ ಒಂದು. ಹಾಗಾಗಿ ಇಂದು ನಾನು ಸಂಖ್ಯೆಯಿಂದ ಆರಂಭಿಸುವುದಿಲ್ಲ, ಹಡಗಿನ ಜಾತಿಗಳ ಪಟ್ಟಿಯಿಂದಲೂ ಆರಂಭಿಸುವುದಿಲ್ಲ. ನೌಕಾಪಡೆಯ ಮುಂದಿರುವ ಕೆಲಸ ಯಾವುದು, ಆ ಕೆಲಸ ಕೆಡುವುದು ಯಾವ ಹಡಗಿನ ಕೊರತೆಯಿಂದ ಎಂಬಲ್ಲಿಂದ ಆರಂಭಿಸುತ್ತೇನೆ. ನನ್ನ ವೃತ್ತಿಜೀವನ ಕಳೆದದ್ದು ಹಡಗುಗಳ ಎಂಜಿನ್ ಕೋಣೆಯಲ್ಲಿ ಮತ್ತು ರಿಪೇರಿ ಕಟ್ಟೆಯಲ್ಲಿ. ಆದ್ದರಿಂದ ಕ್ಷಿಪಣಿಗಿಂತ ಪಂಪು, ಗೇರ್‌ಬಾಕ್ಸು, ಡೀಸೆಲ್ಲಿನ ಕಡೆಗೆ ನನ್ನ ಒಲವು ಹೆಚ್ಚು ಎಂಬುದನ್ನು ನೀವು ಗಮನದಲ್ಲಿಟ್ಟುಕೊಂಡು ಕೇಳಬೇಕು.

ನಮ್ಮ ಊರಿಗೇ ಸಂಬಂಧಿಸಿದ ಘಟನೆಯೊಂದನ್ನು ತೆಗೆದುಕೊಳ್ಳೋಣ. 2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ಕಚ್ಚಾತೈಲ ಹೊತ್ತು ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ಟ್ಯಾಂಕರಿಗೆ, ಗುಜರಾತಿನ ತೀರದಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಬಂದು ಬಡಿಯಿತು. ಬೆಂಕಿ ಹತ್ತಿತು, ನಾವಿಕರೇ ಆರಿಸಿದರು. ಕೋಸ್ಟ್ ಗಾರ್ಡಿನ ವಿಕ್ರಮ್ ಹಡಗು ಅದನ್ನು ಮುಂಬೈಗೆ ಕರೆದೊಯ್ದಿತು. ಆ ಬಳಿಕ ನೌಕಾಪಡೆಯು ಮೊರ್ಮುಗಾವ್, ಕೊಚ್ಚಿ, ಕೋಲ್ಕತಾ ಎಂಬ ಮೂರು ಡೆಸ್ಟ್ರಾಯರುಗಳನ್ನು, ಅಂದರೆ ದೊಡ್ಡ ಯುದ್ಧನೌಕೆಗಳನ್ನು, ಅರಬ್ಬೀ ಸಮುದ್ರಕ್ಕೆ ಕಳುಹಿಸಿತು. ತಲಾ 7,000 ಟನ್ನಿಗೂ ಮಿಕ್ಕಿದ, ಬ್ರಹ್ಮೋಸ್ ಕ್ಷಿಪಣಿ ಹೊತ್ತ ಹಡಗುಗಳವು. ಕಳುಹಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಹೊತ್ತಿಗೆ ಬೇರೆ ದಾರಿಯಿರಲಿಲ್ಲ. ಆದರೆ ಆ ಕೆಲಸಕ್ಕೆ ನಿಜವಾಗಿ ಬೇಕಾದದ್ದೇನು? ಒಳ್ಳೆಯ ರಾಡಾರ್, ಡ್ರೋನ್ ಹೊಡೆಯಬಲ್ಲ ಫಿರಂಗಿ, ಒಂದು ಹೆಲಿಕಾಪ್ಟರ್, ಎಲ್ಲಕ್ಕಿಂತ ಮುಖ್ಯವಾಗಿ ತಿಂಗಳುಗಟ್ಟಲೆ ಆ ಜಾಗದಲ್ಲಿ ನಿಂತಿರುವ ಸಾಮರ್ಥ್ಯ. ಅಷ್ಟನ್ನು ಅರ್ಧ ಗಾತ್ರದ ಹಡಗೂ ಮಾಡಬಲ್ಲದು, ಮಾಡುವ ಹಡಗು ಸಾಕಷ್ಟು ಸಂಖ್ಯೆಯಲ್ಲಿದ್ದರೆ. ಇಲ್ಲದಿದ್ದಾಗ ದೊಡ್ಡ ಹಡಗು ಚಿಕ್ಕ ಕೆಲಸಕ್ಕೆ ಹೋಗುತ್ತದೆ. ಅದರ ಎಂಜಿನ್ನಿನ ಆಯುಷ್ಯ ಅಲ್ಲಿ ಸವೆಯುತ್ತದೆ.

ಹಡಗಿನ ಮಿಶ್ರಣದ, ಅಂದರೆ ಯಾವ ಬಗೆಯ ಹಡಗು ಎಷ್ಟಿರಬೇಕೆಂಬ, ಯೋಚನೆ ಈ ಕರಾವಳಿಗೆ ಹೊಸತಲ್ಲ. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್, ಹೈದರಾಲಿಯ ಹಡಗುಗಳನ್ನು ಮಂಗಳೂರಿನಲ್ಲಿಯೇ ನಾಶ ಮಾಡಿದ. 1796ರಲ್ಲಿ ಟಿಪ್ಪು ಸುಲ್ತಾನ ಹೊಸ ಪಡೆ ಕಟ್ಟಲು ಹುಕುಂ ಹೊರಡಿಸಿದ: ಒಟ್ಟು 40 ಹಡಗುಗಳು, ಅವುಗಳಲ್ಲಿ 20 ಭಾರೀ ತೋಪಿನ ಹಡಗುಗಳು, 20 ಫ್ರಿಗೇಟುಗಳು (ಅವಕ್ಕಿಂತ ಹಗುರವಾದ ಯುದ್ಧನೌಕೆಗಳು), ಕಟ್ಟುವ ಕಟ್ಟೆಗಳು ಮಂಗಳೂರು ಸೇರಿ ಮೂರು ಕಡೆ. ಅರ್ಧಕ್ಕರ್ಧ ಎಂಬ ಆ ಅನುಪಾತ ಅಂದಿನ ಯುರೋಪಿನ ಪಡೆಗಳನ್ನು ನೋಡಿ ಮಾಡಿದ್ದೆಂದು ತೋರುತ್ತದೆ, ಕಾಗದದ ಮೇಲೆ ಲಕ್ಷಣವಾಗಿಯೇ ಇದೆ. ಆದರೆ ಮರ ಕಡಿದು, ಒಣಗಿಸಿ, ಹಡಗು ಕಟ್ಟಿ, ನಾವಿಕರನ್ನು ಪಳಗಿಸಲು ಬೇಕಾದ ವರ್ಷಗಳು ಆತನಿಗೆ ಸಿಗಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಇಂದಿಗೂ ಹಡಗಿನ ಗುತ್ತಿಗೆಗೆ ಸಹಿ ಬಿದ್ದ ದಿನದಿಂದ ಅದು ಸೇವೆಗೆ ಸೇರುವ ದಿನದವರೆಗೆ ಏಳೆಂಟು ವರ್ಷಗಳು ಹಿಡಿಯುವುದು ಸಾಮಾನ್ಯ. ಮುಂದಿನ ಯುದ್ಧದಲ್ಲಿ ಹೋರಾಡುವ ಹಡಗುಗಳು ಇಂದು ಸೇವೆಯಲ್ಲಿರುವವು ಮತ್ತು ಕಟ್ಟೆಯ ಮೇಲಿರುವವು ಮಾತ್ರ.

1971ರ ಡಿಸೆಂಬರಿನ ಒಂದು ವಾರವನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಿಶ್ರಣದ ಬಗ್ಗೆ ಅಷ್ಟು ಸ್ಪಷ್ಟವಾದ ಪಾಠ ಬೇರೆಲ್ಲೂ ಸಿಗುವುದಿಲ್ಲ, ಮತ್ತು ಅದು ನಮ್ಮದೇ ಸಮುದ್ರದಲ್ಲಿ ನಡೆದದ್ದು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿ ಖೈಬರ್ ಎಂಬ ಡೆಸ್ಟ್ರಾಯರನ್ನೂ ಮುಹಾಫಿಜ್ ಎಂಬ ಮೈನ್‌ಸ್ವೀಪರನ್ನೂ (ನೀರೊಳಗಿನ ಸ್ಫೋಟಕಗಳಾದ ಮೈನುಗಳನ್ನು ತೆಗೆಯುವ ಹಡಗು) ಮುಳುಗಿಸಿದವು. ನೌಕಾಪಡೆಯ ದಿನಾಚರಣೆ ಆ ದಿನಾಂಕದಂದು ನಡೆಯುವುದು ಅದೇ ಕಾರಣಕ್ಕೆ. ಆ ದೋಣಿಗಳು ಸೋವಿಯತ್ ಒಕ್ಕೂಟದಿಂದ ಬಂದವು, ಅವನ್ನು ರೂಪಿಸಿದ್ದು ಬಂದರುಗಳ ಹತ್ತಿರ ಕಾದು ನಿಲ್ಲುವುದಕ್ಕಾಗಿ. ದೂರದ ಪಯಣಕ್ಕೆ ಬೇಕಾದಷ್ಟು ಇಂಧನ ಅವುಗಳಲ್ಲಿ ಹಿಡಿಯುತ್ತಿರಲಿಲ್ಲ. ಹಾಗಾದರೆ ಕರಾಚಿಯನ್ನು ಹೇಗೆ ತಲುಪಿದವು? ಜೊತೆಗೆ ಕಿಲ್ತಾನ್ ಮತ್ತು ಕಚ್ಚಲ್ ಎಂಬ ಎರಡು ಜಲಾಂತರ್ಗಾಮಿ ನಿರೋಧಕ ಕಾರ್ವೆಟುಗಳಿದ್ದವು (ಫ್ರಿಗೇಟಿಗಿಂತಲೂ ಚಿಕ್ಕ ಯುದ್ಧನೌಕೆಗಳು), ಪೋಷಕ್ ಎಂಬ ಇಂಧನ ಟ್ಯಾಂಕರ್ ಇತ್ತು. ಪಟಗಳಲ್ಲಿ ನೀವು ನೋಡುವುದು ಕ್ಷಿಪಣಿ ದೋಣಿಗಳನ್ನು. ಪೋಷಕ್‌ನ ಚಿತ್ರವನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ಐದು ದಿನಗಳ ಬಳಿಕ, ಡಿಸೆಂಬರ್ 9ರ ರಾತ್ರಿ, ದಿಯು ಸಮೀಪ ಖುಕ್ರಿ ಎಂಬ ನಮ್ಮ ಫ್ರಿಗೇಟನ್ನು ಪಾಕಿಸ್ತಾನದ ಹ್ಯಾಂಗೋರ್ ಎಂಬ ಜಲಾಂತರ್ಗಾಮಿ ಟಾರ್ಪಿಡೊ ಹೊಡೆದು ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ಖುಕ್ರಿ ಇದ್ದದ್ದೇ ಜಲಾಂತರ್ಗಾಮಿಯನ್ನು ಬೇಟೆಯಾಡುವುದಕ್ಕೆ ಎಂಬುದನ್ನು ಗಮನಿಸಿ. ಹ್ಯಾಂಗೋರ್ ಫ್ರಾನ್ಸಿನ ಹೊಸ ಮಾದರಿ. ಖುಕ್ರಿಯ ಸೋನಾರ್, ಅಂದರೆ ನೀರೊಳಗೆ ಇರುವುದನ್ನು ಸದ್ದಿನಿಂದ ಹುಡುಕುವ ಸಾಧನ, ಹಿಂದಿನ ತಲೆಮಾರಿನದು. ಪಟ್ಟಿಯಲ್ಲಿ ಜಲಾಂತರ್ಗಾಮಿ ನಿರೋಧಕ ಫ್ರಿಗೇಟ್ ಎಂದು ಬರೆದಿದ್ದರೆ ಮಿಶ್ರಣ ಸರಿಯಾಯಿತು ಎಂದುಕೊಳ್ಳುವವರು ಖುಕ್ರಿಯನ್ನು ನೆನೆಯಬೇಕು. ಅದೇ ವಾರ ಪೂರ್ವದಲ್ಲಿ, ಇದೇ ಹೆಸರಿನ ನಮ್ಮ ಹಳೆಯ ವಿಮಾನವಾಹಕ ವಿಕ್ರಾಂತ್ ಏನು ಮಾಡುತ್ತಿತ್ತು? ಅದರ ಬಾಯ್ಲರೊಂದರಲ್ಲಿ ಬಿರುಕು ಬಿಟ್ಟಿತ್ತು, ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಆದರೂ ಅದರ ಸೀ ಹಾಕ್ ವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರಿನ ಮೇಲೆ ದಾಳಿ ನಡೆಸಿ, ಪೂರ್ವ ಪಾಕಿಸ್ತಾನಕ್ಕೆ ಸಮುದ್ರದ ಬಾಗಿಲು ಮುಚ್ಚಿದವು. ಅಲ್ಲಿ ಶತ್ರುವಿನ ವಾಯುಬಲ ಅಲ್ಪ, ವಿಕ್ರಾಂತನ್ನು ಹುಡುಕಿ ಬಂದಿದ್ದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಹೊರಗೆ ಮುಳುಗಿಹೋಗಿತ್ತು. ಅದೇ ಕುಂಟುವ ಹಡಗನ್ನು ಕರಾಚಿಯ ಎದುರಿಗೆ ನಿಲ್ಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಒಂದೇ ವಾರದಲ್ಲಿ ಚಿಕ್ಕ ದೋಣಿ ಗೆದ್ದಿತು, ಫ್ರಿಗೇಟ್ ಸೋತಿತು, ವಿಮಾನವಾಹಕ ಗೆದ್ದಿತು. ಈ ಮೂರಕ್ಕೂ ಹಡಗಿನ ಜಾತಿಯೊಂದೇ ಕಾರಣವಲ್ಲ, ಅದು ಯಾವ ನೀರಿನಲ್ಲಿ, ಯಾರ ಜೊತೆಯಲ್ಲಿ ಇತ್ತು ಎಂಬುದೂ ಕಾರಣ.

ಇನ್ನು ನನ್ನ ವೃತ್ತಿಯ ಲೆಕ್ಕಕ್ಕೆ ಬರುತ್ತೇನೆ. ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಮೂರು ಆಳಸಮುದ್ರ ಬೋಟುಗಳಿರುವ ಮಾಲೀಕರನ್ನು ವಿಚಾರಿಸಿ ನೋಡಿ: ಒಂದು ಕಡಲಿನಲ್ಲಿದ್ದರೆ, ಇನ್ನೊಂದು ಐಸು-ಡೀಸೆಲ್ ತುಂಬಿಸಿಕೊಳ್ಳುತ್ತಾ, ಬೋಟು ನಡೆಸುವ ತಂಡೇಲನಿಗೆ ಕಾಯುತ್ತಿರುತ್ತದೆ, ಮೂರನೆಯದರ ಎಂಜಿನ್ ಬಿಚ್ಚಿಟ್ಟಿರುತ್ತದೆ. ಯುದ್ಧನೌಕೆಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ. ಒಂದು ಕೆಲಸದ ಜಾಗದಲ್ಲಿ, ಒಂದು ಹೋಗುವ-ಬರುವ ದಾರಿಯಲ್ಲಿ ಅಥವಾ ತಾಲೀಮಿನಲ್ಲಿ, ಒಂದು ರಿಪೇರಿಯಲ್ಲಿ. ಪರಮಾಣು ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳ ವಿಷಯದಲ್ಲಂತೂ ಮೂರೂ ಸಾಲದು. ಸದಾಕಾಲ ಒಂದಾದರೂ ಸಮುದ್ರದಾಳದಲ್ಲಿ ಇರಲೇಬೇಕೆಂದು ಬ್ರಿಟನ್ ಮತ್ತು ಫ್ರಾನ್ಸ್ ನಾಲ್ಕು ನಾಲ್ಕನ್ನು ಇಟ್ಟುಕೊಂಡಿವೆ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಎರಡು ವಿಮಾನವಾಹಕ ನೌಕೆಗಳು, ಅಂದರೆ 2013ರಲ್ಲಿ ಸೇವೆಗೆ ಸೇರಿದ ವಿಕ್ರಮಾದಿತ್ಯ ಮತ್ತು 2022ರಲ್ಲಿ ಸೇರಿದ ವಿಕ್ರಾಂತ್, ವರ್ಷದ ಹಲವು ತಿಂಗಳುಗಳಲ್ಲಿ ಒಂದೇ ಒಂದು. ಮೂರನೆಯದು ಬೇಕೆಂಬ ವಾದಕ್ಕೆ ಬಲ ಬರುವುದು ಇಲ್ಲಿಂದಲೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಅದರ ಬೆಲೆಯನ್ನು ಪೂರ್ತಿಯಾಗಿ ಕೂಡಿಸಬೇಕು. ವಿಕ್ರಾಂತ್ ಕಟ್ಟಲು ಸುಮಾರು 20,000 ಕೋಟಿ ರೂಪಾಯಿ ಆಯಿತು. 2025ರ ಏಪ್ರಿಲಿನಲ್ಲಿ ಅದರ ಮೇಲೆ ಹಾರಲೆಂದು 26 ರಫೇಲ್ ಮರೀನ್ ವಿಮಾನಗಳಿಗೆ ಆದ ಒಪ್ಪಂದದ ಮೊತ್ತ ಸುಮಾರು 63,000 ಕೋಟಿ. ಅದರಲ್ಲಿ ಆಯುಧ, ತರಬೇತಿ, ಬಿಡಿಭಾಗಗಳೆಲ್ಲ ಸೇರಿವೆ, ನಿಜ. ಆದರೂ ಡೆಕ್ಕಿನ ಮೇಲಿರುವುದರ ಬೆಲೆ ಡೆಕ್ಕಿನ ಬೆಲೆಯ ಮೂರು ಪಟ್ಟು. ಇದಕ್ಕೆ ಎರಡು ಮೂರು ಡೆಸ್ಟ್ರಾಯರು, ಅಷ್ಟೇ ಫ್ರಿಗೇಟು, ಮುಂದೆ ಸಾಗಲು ಒಂದು ಜಲಾಂತರ್ಗಾಮಿ, ಹಿಂದೆ ಒಂದು ಟ್ಯಾಂಕರ್ ಸೇರಿಸಿ. ವಿಮಾನವಾಹಕ ಬೇಕೆನ್ನುವವರು ಬೇಡುತ್ತಿರುವುದು ಈ ಇಡೀ ಪಡೆಯನ್ನು. ತಕ್ಕ ವಿಮಾನಗಳಿಲ್ಲದೆ ದೂರದ ಸಮುದ್ರದಲ್ಲಿ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 1982ರಲ್ಲಿ ಅರ್ಜೆಂಟೀನಾದ ವಿರುದ್ಧ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ಎರಡು ಚಿಕ್ಕ ವಾಹಕಗಳ ಮೇಲೆ ಹ್ಯಾರಿಯರ್ ಯುದ್ಧವಿಮಾನಗಳಿದ್ದವು, ಆದರೆ ದೂರದಿಂದಲೇ ಶತ್ರುವಿಮಾನ ಕಂಡು ಎಚ್ಚರಿಸುವ ರಾಡಾರ್ ವಿಮಾನ ಇರಲಿಲ್ಲ. ಆ ಕೆಲಸಕ್ಕೆ ಡೆಸ್ಟ್ರಾಯರುಗಳನ್ನೇ ಮುಂದೆ ನಿಲ್ಲಿಸಿದರು. ಮೇ 4ರಂದು ಶೆಫೀಲ್ಡ್ ಎಕ್ಸೊಸೆಟ್ ಕ್ಷಿಪಣಿಗೆ ತುತ್ತಾಯಿತು. ಪಟ್ಟಿಯಲ್ಲಿ ಎಲ್ಲವೂ ಇತ್ತು, ಒಂದು ಬಗೆಯ ವಿಮಾನದ ಹೊರತು.

ಅದೇ ಯುದ್ಧದಲ್ಲಿ ಜಲಾಂತರ್ಗಾಮಿಯ ಬೆಲೆಯೂ ಗೊತ್ತಾಯಿತು. ಮೇ 2ರಂದು ಕಾಂಕರರ್ ಎಂಬ ಪರಮಾಣು ಚಾಲಿತ ಜಲಾಂತರ್ಗಾಮಿ ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಎಂಬ ಕ್ರೂಸರನ್ನು ಮುಳುಗಿಸಿ 323 ಜನ ಸತ್ತ ಮೇಲೆ, ಅರ್ಜೆಂಟೀನಾದ ದೊಡ್ಡ ಹಡಗುಗಳು, ಅವರ ವಿಮಾನವಾಹಕವೂ ಸೇರಿ, ಬಂದರು ಬಿಟ್ಟು ಹೋರಾಡಲು ಬರಲಿಲ್ಲ. ಒಂದು ಹಡಗು ಇಡೀ ನೌಕಾಪಡೆಯನ್ನು ಮನೆಯಲ್ಲಿ ಕೂರಿಸಿತು. ನಾವು 1999ರಲ್ಲಿ ಮೂವತ್ತು ವರ್ಷಗಳ ಯೋಜನೆ ಹಾಕಿ 24 ಜಲಾಂತರ್ಗಾಮಿಗಳನ್ನು ಕಟ್ಟುವುದೆಂದು ನಿರ್ಧರಿಸಿದೆವು. ಆ ಯೋಜನೆಯಿಂದ ಈವರೆಗೆ ಬಂದಿರುವುದು ಕಲ್ವರಿ ಮಾದರಿಯ ಆರು, ಆರನೆಯ ವಾಗ್‌ಶೀರ್ 2025ರ ಜನವರಿಯಲ್ಲಿ ಸೇರಿತು. ಪಾಕಿಸ್ತಾನ ಚೀನಾದಿಂದ ಎಂಟು ಹೊಸ ಜಲಾಂತರ್ಗಾಮಿಗಳನ್ನು ಪಡೆಯುವ ಒಪ್ಪಂದ ಮಾಡಿಕೊಂಡಿದೆ. ಎರಡು ಪರಮಾಣು ಚಾಲಿತ ದಾಳಿ ಜಲಾಂತರ್ಗಾಮಿಗಳಿಗೆ ನಮ್ಮ ಸಂಪುಟ ಸಮಿತಿ 2024ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅವು ನೀರಿಗಿಳಿಯಲು ಇನ್ನೂ ಬಹಳ ವರ್ಷಗಳಿವೆ. ಈ ವಿಷಯದಲ್ಲಿ ನನಗೆ ಹೆಚ್ಚು ವಾದವಿಲ್ಲ: ಹಣ ಎಲ್ಲಿಂದಾದರೂ ಬರಲಿ, ಮೊದಲು ಇಲ್ಲಿಗೆ ಬರಬೇಕು.

ಮಧ್ಯಮ ಗಾತ್ರದ ಹಡಗುಗಳ ವಿಷಯದಲ್ಲಿ ಎರಡು ದೇಶಗಳ ಅನುಭವ ಹೇಳಿ ಮುಂದೆ ಹೋಗುತ್ತೇನೆ. ಬ್ರಿಟನ್ 12 ಟೈಪ್ 45 ಡೆಸ್ಟ್ರಾಯರುಗಳನ್ನು ಕಟ್ಟಬೇಕೆಂದಿತ್ತು. ಬೆಲೆ ಏರಿ ಆರಕ್ಕೆ ನಿಂತಿತು. ಅತ್ಯುತ್ತಮ ರಾಡಾರ್ ಇರುವ ಆ ಹಡಗುಗಳ ವಿದ್ಯುತ್ ಮತ್ತು ಎಂಜಿನ್ ವ್ಯವಸ್ಥೆ ಬಿಸಿನೀರಿನ ಸಮುದ್ರಗಳಲ್ಲಿ ಕೈಕೊಟ್ಟಿತು, ಆರರಲ್ಲಿ ಹಲವು ಕಟ್ಟೆ ಹಿಡಿದವು. ಅಮೆರಿಕದ್ದು ಬೇರೆಯ ತಪ್ಪು. 1970ರ ದಶಕದ ಆರಂಭದಲ್ಲಿ ಅವರ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಲ್ಮೊ ಜುಮ್ವಾಲ್ಟ್, ದುಬಾರಿ ಹಡಗು ಕೆಲವೇ ಇರಲಿ, ಅಗ್ಗದ ಹಡಗು ಬಹಳ ಇರಲಿ ಎಂಬ ಲೆಕ್ಕ ಹಾಕಿ ಪೆರ್ರಿ ಮಾದರಿಯ ಫ್ರಿಗೇಟುಗಳಿಗೆ ನಾಂದಿ ಹಾಡಿದರು. 71 ಅಂಥ ಹಡಗುಗಳು ಜಗತ್ತಿನ ಹಲವು ಕಟ್ಟೆಗಳಲ್ಲಿ ಹುಟ್ಟಿದವು. ಮುಂದಿನ ತಲೆಮಾರಿನವರು ಅದೇ ಸ್ಥಾನಕ್ಕೆ ಲಿಟೋರಲ್ ಕಾಂಬ್ಯಾಟ್ ಶಿಪ್, ಅಂದರೆ ತೀರದ ಹತ್ತಿರ ಹೋರಾಡುವ ಹಡಗು, ತಂದರು. ಬೆಳಿಗ್ಗೆ ಮೈನ್ ಹುಡುಕುವ ಸಲಕರಣೆ ಹಾಕಿಕೊಂಡು, ಬೇಕಾದಾಗ ಅದನ್ನು ಬಿಚ್ಚಿ ಜಲಾಂತರ್ಗಾಮಿ ಬೇಟೆಯ ಸಲಕರಣೆ ತೊಟ್ಟುಕೊಂಡು ಹೋಗುವ, ನಲವತ್ತು ನಾಟ್ ವೇಗದ ಹಡಗು ಎಂಬ ಕಲ್ಪನೆ ಅದು. ಸಲಕರಣೆ ಹೊತ್ತಿಗೆ ಸಿದ್ಧವಾಗಲಿಲ್ಲ, ಗೇರ್‌ಬಾಕ್ಸುಗಳು ಮುರಿದವು. 2018ರಲ್ಲಿ ಸೇವೆಗೆ ಸೇರಿದ ಸೂ ಸಿಟಿ ಎಂಬ ಹಡಗನ್ನು 2023ರಲ್ಲಿ ನಿವೃತ್ತಿಗೊಳಿಸಿದರು, ಐದು ವರ್ಷ ತುಂಬುವ ಮೊದಲೇ! ಎಲ್ಲ ಕೆಲಸಕ್ಕೂ ಒಂದೇ ಹಡಗು ಎಂದು ಯಾರಾದರೂ ಮಾರಲು ಬಂದರೆ ಅವರ ಗೇರ್‌ಬಾಕ್ಸ್ ಮೊದಲು ನೋಡಬೇಕೆಂದು ನಾವು ಎಂಜಿನಿಯರರು ಹೇಳುವುದುಂಟು.

ನಮ್ಮ 15ಬಿ ಯೋಜನೆಯ ನಾಲ್ಕು ಡೆಸ್ಟ್ರಾಯರುಗಳೂ 17ಎ ಯೋಜನೆಯ ಏಳು ಫ್ರಿಗೇಟುಗಳೂ ಒಳ್ಳೆಯ ಹಡಗುಗಳು. ಅವುಗಳ ನಡುವಿನ ಅಂತರ ಮಾತ್ರ ಕಡಿಮೆಯಾಗಿದೆ. ಡೆಸ್ಟ್ರಾಯರ್ 7,400 ಟನ್, ಫ್ರಿಗೇಟ್ 6,670 ಟನ್. ಅಗ್ಗದ ಸ್ಥಾನದಲ್ಲಿರಬೇಕಾದ ಹಡಗು ದುಬಾರಿಯ ಪಕ್ಕಕ್ಕೆ ಬಂದು ಕುಳಿತಿದೆ. ಇದರಿಂದಾಗುವ ತೊಂದರೆಯನ್ನು ಕೆಮ್ ಪ್ಲೂಟೊ ಪ್ರಸಂಗದಲ್ಲಿ ಕಂಡೆವು. ಇನ್ನೊಂದು ಮಾತು: 15ಬಿ ಯೋಜನೆಯ, ಅಂದರೆ ವಿಶಾಖಪಟ್ಟಣ ಮಾದರಿಯ, ಡೆಸ್ಟ್ರಾಯರಿನಲ್ಲಿ ವಿಮಾನ ನಿರೋಧಕ ಬರಾಕ್-8 ಕ್ಷಿಪಣಿಗಳು 32. ಅವು ಮುಗಿದರೆ ನಡುಸಮುದ್ರದಲ್ಲಿ ಮರುತುಂಬಿಸುವಂತಿಲ್ಲ, ಬಂದರಿಗೆ ಮರಳಬೇಕು. ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ಡ್ರೋನುಗಳನ್ನು ಎದುರಿಸಿದ ಪಡೆಗಳಿಗೆಲ್ಲ ಇದೇ ತಲೆನೋವು. ಇಟಲಿಯ ಕಾಯೊ ದುಯಿಲಿಯೊ ಎಂಬ ಹಡಗು 2024ರ ಮಾರ್ಚಿನಲ್ಲಿ ಒಂದು ಡ್ರೋನನ್ನು 76 ಮಿಲಿಮೀಟರ್ ಫಿರಂಗಿಯಿಂದಲೇ ಹೊಡೆದುರುಳಿಸಿದ್ದು ಅದಕ್ಕಾಗಿಯೇ ಸುದ್ದಿಯಾಯಿತು. ಆ ಮಾದರಿಯ ಫಿರಂಗಿಯನ್ನು ನಮ್ಮಲ್ಲಿ ಹರಿದ್ವಾರದ ಬಿಎಚ್‌ಇಎಲ್ ತಯಾರಿಸುತ್ತದೆ, ಚಿಕ್ಕ ಹಡಗಿನ ಮೇಲೂ ಅದು ಕೂರುತ್ತದೆ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬಂದಿದ್ದೇನೆ. 2024ರ ಸೆಪ್ಟೆಂಬರ್ 9ರಂದು ಕೊಚ್ಚಿಯ ಹಡಗುಕಟ್ಟೆಯಲ್ಲಿ ಎರಡು ಹಡಗುಗಳು ನೀರಿಗಿಳಿದವು. ಒಂದರ ಹೆಸರು ಮಲ್ಪೆ, ಇನ್ನೊಂದರದು ಮೂಲ್ಕಿ. 78 ಮೀಟರ್ ಉದ್ದ, ನೀರೊಳಗೆ ಇಳಿಯುವ ಭಾಗ 2.7 ಮೀಟರ್ ಮಾತ್ರ, ವೇಗ 25 ನಾಟ್. ತೀರದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಜಲಾಂತರ್ಗಾಮಿಗಳನ್ನು ಹುಡುಕುವುದು ಇವುಗಳ ಕೆಲಸ. ಇಂಥ ಹದಿನಾರು ಹಡಗುಗಳ ಗುತ್ತಿಗೆಯನ್ನು ಕೊಚ್ಚಿ ಮತ್ತು ಕೋಲ್ಕತಾದ ಹಡಗುಕಟ್ಟೆಗಳಿಗೆ ಎಂಟೆಂಟರಂತೆ ಕೊಡಲಾಗಿದೆ. ಬೇಕಾದ ಹಡಗುಗಳೇ, ನನಗೆ ಸಂತೋಷವೇ. ಆದರೆ ಇವೇ ಹೆಸರಿನ ಹಡಗುಗಳು ಈ ಹಿಂದೆಯೂ ಇದ್ದವು. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ, ತೀರದಲ್ಲಿ ಕೆಲಸ ಮಾಡುವ ಆರು ಚಿಕ್ಕ ಮೈನ್‌ಸ್ವೀಪರುಗಳಲ್ಲಿ ಮಲ್ಪೆಯೂ ಮೂಲ್ಕಿಯೂ ಎರಡು. ಅವು ಹೋದವು. ಅವುಗಳಿಗಿಂತ ದೊಡ್ಡ ಮೈನ್‌ಸ್ವೀಪರುಗಳಲ್ಲಿ ಕಾರವಾರ ಎಂಬುದೂ ಒಂದಿತ್ತು, ಅದು 2017ರಲ್ಲಿ ಹೋಯಿತು. ಆ ಸಾಲಿನ ಕೊನೆಯ ಹಡಗಾದ ಕೋಯಿಕ್ಕೋಡ್ 2019ರ ಏಪ್ರಿಲಿನಲ್ಲಿ ನಿವೃತ್ತವಾಯಿತು. ಅಂದಿನಿಂದ ಭಾರತದ ನೌಕಾಪಡೆಯಲ್ಲಿ ಮೈನ್ ತೆಗೆಯುವುದಕ್ಕೆಂದೇ ಕಟ್ಟಿದ ಹಡಗು ಒಂದೂ ಇಲ್ಲ.

ಮೈನ್ ಎಂದರೆ ನೀರಿನೊಳಗೆ ಹುದುಗಿಸಿಟ್ಟು ಕಾಯುವ ಸ್ಫೋಟಕ. ಕೆಲವು ತೇಲುತ್ತವೆ, ಕೆಲವನ್ನು ಸರಪಳಿಯಲ್ಲಿ ಕಟ್ಟಿ ನಿಲ್ಲಿಸುತ್ತಾರೆ, ಹೊಸವು ತಳದ ಕೆಸರಿನಲ್ಲಿ ಮಲಗಿ ಹಡಗಿನ ಸದ್ದು, ಕಾಂತಕ್ಷೇತ್ರ, ನೀರಿನ ಒತ್ತಡ ಗುರುತಿಸಿ ಸಿಡಿಯುತ್ತವೆ. 1988ರ ಏಪ್ರಿಲಿನಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಎಂಬ ಫ್ರಿಗೇಟ್ ಇರಾನಿನ ಮೈನಿಗೆ ತಾಗಿತು. ಆ ಮೈನಿನ ಮೂಲ ವಿನ್ಯಾಸ 1908ರದು, ಬೆಲೆ ಒಂದೂವರೆ ಸಾವಿರ ಡಾಲರಿನ ಆಸುಪಾಸು. ಹಡಗಿನ ರಿಪೇರಿಗೆ ತಗುಲಿದ್ದು ಸುಮಾರು ಒಂಬತ್ತು ಕೋಟಿ ಡಾಲರ್. 1991ರ ಫೆಬ್ರವರಿ 18ರಂದು ಕುವೈತಿನ ಹತ್ತಿರ ಅಮೆರಿಕದ ಟ್ರಿಪೊಲಿ, ಪ್ರಿನ್ಸ್‌ಟನ್ ಎಂಬ ಎರಡು ದೊಡ್ಡ ಹಡಗುಗಳು ಒಂದೇ ದಿನ ಮೈನುಗಳಿಗೆ ಸಿಕ್ಕವು. ಆಗ ಜಗತ್ತಿನ ಅತಿ ಬಲಿಷ್ಠ ನೌಕಾಪಡೆಗೆ ಯಾವ ಹಡಗಿನ ಕೊರತೆಯಿತ್ತು ಎಂದು ನಾನು ಹೇಳಬೇಕಾಗಿಲ್ಲ.

ನಮ್ಮ ಊರಿಗೆ ಇದನ್ನು ಹೊಂದಿಸಿ ನೋಡೋಣ. ಪಣಂಬೂರಿನ ಬಂದರು ಸ್ವಾಭಾವಿಕ ಬಂದರಲ್ಲ. ಏಳು ಕಿಲೋಮೀಟರಿಗೂ ಹೆಚ್ಚು ಉದ್ದದ, ಹೂಳೆತ್ತಿ ಕಾಪಾಡಿಕೊಂಡು ಬಂದಿರುವ ಒಂದೇ ಕಾಲುವೆಯ ಮೂಲಕ ದೊಡ್ಡ ಹಡಗುಗಳು ಒಳಗೆ ಬರುತ್ತವೆ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಸಂಸ್ಕರಿಸುವ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೆ ಕಚ್ಚಾತೈಲ ಈ ಕಡಲಿನಿಂದಲೇ ಬರುತ್ತದೆ. ಉಡುಪಿ ಜಿಲ್ಲೆಯ ಯೆಲ್ಲೂರಿನ ವಿದ್ಯುತ್ ಸ್ಥಾವರದ ವಿದೇಶಿ ಕಲ್ಲಿದ್ದಲೂ ಇದೇ ಬಾಗಿಲಿನಿಂದ. ದೇಶದ ಆಪತ್ಕಾಲಕ್ಕೆಂದು ಕೊರೆದ ಭೂಗತ ತೈಲಸಂಗ್ರಹಗಳಲ್ಲಿ ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್. ಅವನ್ನು ತುಂಬಿಸಬೇಕಾದರೂ ಟ್ಯಾಂಕರ್ ಬರಬೇಕು. ಆ ಕಾಲುವೆಯ ಬಾಯಲ್ಲಿ ಜಲಾಂತರ್ಗಾಮಿಯೊಂದು ನಾಲ್ಕಾರು ಮೈನುಗಳನ್ನು ಬಿಟ್ಟು ಹೋಯಿತೆಂದು, ಅಥವಾ ಬಿಟ್ಟಿದೆಯೆಂದು ಸುದ್ದಿ ಮಾತ್ರ ಹಬ್ಬಿತೆಂದು ಇಟ್ಟುಕೊಳ್ಳಿ. ಯಾವ ವಿಮಾ ಕಂಪನಿ ಹಡಗನ್ನು ಒಳಗೆ ಬಿಡುತ್ತದೆ? ಕಾರವಾರದಲ್ಲಿ ವಿಮಾನವಾಹಕ ನಿಂತಿದ್ದರೂ ಅದರ ಬಂದರಿನ ಬಾಗಿಲಿಗೂ ಇದೇ ಪ್ರಶ್ನೆ. ಹಡಗಿನ ಮಿಶ್ರಣ ತೂಗುವಾಗ ಯಾವುದು ಹೆಚ್ಚು ಬಲಶಾಲಿ ಎಂದು ಕೇಳುವ ಮೊದಲು, ಯಾವುದು ಇಲ್ಲದಿದ್ದರೆ ಉಳಿದದ್ದೆಲ್ಲ ಕಟ್ಟೆಯಲ್ಲೇ ನಿಲ್ಲುತ್ತದೆ ಎಂದು ಕೇಳಬೇಕೆಂದು ನಾನು ಹೇಳುವುದು ಇದಕ್ಕೇ.

ಈ ಕೊರತೆ ಯಾರಿಗೂ ತಿಳಿಯದೆ ಆದದ್ದಲ್ಲ. ಗೋವಾದಲ್ಲಿ ದಕ್ಷಿಣ ಕೊರಿಯಾದ ಸಹಯೋಗದಿಂದ 12 ಹಡಗುಗಳನ್ನು ಕಟ್ಟುವ ಮಾತುಕತೆ ವರ್ಷಗಟ್ಟಲೆ ನಡೆದು 2018ರಲ್ಲಿ ಮುರಿಯಿತು. 2025ರ ಜುಲೈಯಲ್ಲಿ ರಕ್ಷಣಾ ಖರೀದಿ ಮಂಡಳಿ ಹೊಸದಾಗಿ ಮೊದಲ ಹಂತದ ಒಪ್ಪಿಗೆ ಕೊಟ್ಟಿದೆ. ಮೈನ್ ಬೇಟೆಯ ಹಡಗನ್ನು ಕಬ್ಬಿಣದಲ್ಲಿ ಕಟ್ಟಿದರೆ ಕಾಂತಮೈನಿಗೆ ಅದೇ ಬಲಿ. ಆದ್ದರಿಂದ ಹಿಂದೆ ಮರದಲ್ಲಿ, ಆಮೇಲೆ ಗಾಜಿನ ನಾರಿನ ಪ್ಲಾಸ್ಟಿಕ್ಕಿನಲ್ಲಿ ಕಟ್ಟುತ್ತಿದ್ದರು, ಅದು ಕಷ್ಟದ ವಿದ್ಯೆ. ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್ ಈಗ ಬೇರೆ ದಾರಿ ಹಿಡಿದು, ತಲಾ ಆರರಂತೆ 12 ತಾಯಿಹಡಗುಗಳನ್ನು ಕಟ್ಟಿಸುತ್ತಿವೆ. ಹಡಗು ಅಪಾಯದ ನೀರಿನ ಹೊರಗೇ ನಿಂತು, ಜನರಿಲ್ಲದ ದೋಣಿಗಳನ್ನೂ ನೀರೊಳಗಿನ ಡ್ರೋನುಗಳನ್ನೂ ಒಳಗೆ ಕಳುಹಿಸುತ್ತದೆ. ನಮಗೂ ಇದೇ ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ.

ಡ್ರೋನುಗಳ ಮಾತು ಬಂತು. ಇನ್ನು ಹಡಗುಗಳೇ ಬೇಡವೇ ಎಂದು ಯುವಕರು ಕೇಳುತ್ತಾರೆ. ಉಕ್ರೇನ್ 2024ರ ಫೆಬ್ರವರಿ 1ರಂದು ಜನರಿಲ್ಲದ ದೋಣಿಗಳನ್ನು ಕಳುಹಿಸಿ ರಷ್ಯಾದ ಇವಾನೊವೆಟ್ಸ್ ಎಂಬ ಕ್ಷಿಪಣಿ ಕಾರ್ವೆಟನ್ನು ಮುಳುಗಿಸಿತು. ನಮ್ಮ ವೀರ್ ಮಾದರಿಯ ಕಾರ್ವೆಟುಗಳು ಅದೇ ಕುಟುಂಬದವು. 1971ರಲ್ಲಿ ಬೇಟೆಗಾರನಾಗಿದ್ದ ಚಿಕ್ಕ ಕ್ಷಿಪಣಿ ಹಡಗು ಇಕ್ಕಟ್ಟಿನ ನೀರಿನಲ್ಲಿ ಈಗ ಬೇಟೆಯಾಗುತ್ತಿದೆ. ಆದರೆ ಕಪ್ಪು ಸಮುದ್ರದ ಅಗಲವನ್ನೂ ಅರಬ್ಬೀ ಸಮುದ್ರದ ಅಗಲವನ್ನೂ ನಕ್ಷೆಯಲ್ಲಿ ಹೋಲಿಸಿ ನೋಡಿ. ಆರುನೂರು ಮೈಲಿ ಆಚೆ ಮಳೆಗಾಲದ ಅಲೆಗಳ ನಡುವೆ ಹಡಗೊಂದನ್ನು ಕಾಯುವ ಕೆಲಸ ಡ್ರೋನ್ ದೋಣಿಗೆ ಇನ್ನೂ ಒಗ್ಗಿಲ್ಲ. ಸೋಮಾಲಿಯಾದ ಕಡಲುಗಳ್ಳರ ಕೈಯಲ್ಲಿದ್ದ ರುಯೆನ್ ಹಡಗಿನಿಂದ 17 ನಾವಿಕರನ್ನು ಬಿಡಿಸಿ 35 ಕಳ್ಳರನ್ನು ಶರಣಾಗಿಸಿದ 2024ರ ಮಾರ್ಚಿನ ಕಾರ್ಯಾಚರಣೆಗೆ ಕೋಲ್ಕತಾ ಹಡಗು, ಕಮಾಂಡೊಗಳು, ವಿಮಾನ ಎಲ್ಲವೂ ಬೇಕಾದವು.

ದೂರ ಹೋಗಬೇಕಾದರೆ ಇಂಧನ ಬೇಕು, ಇದು ನನ್ನ ಪ್ರಿಯವಾದ ವಿಷಯ. ಹಡಗಿನ ವೇಗ ಇಮ್ಮಡಿಯಾದರೆ ಎಂಜಿನ್ನಿನಿಂದ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ನಿಧಾನವಾಗಿ ನಾಲ್ಕೈದು ಸಾವಿರ ಮೈಲಿ ಹೋಗಬಲ್ಲ ಫ್ರಿಗೇಟ್, ಪೂರ್ಣ ವೇಗದಲ್ಲಿ ಓಡಿದರೆ ಕೆಲವೇ ದಿನಗಳಲ್ಲಿ ಟ್ಯಾಂಕರನ್ನು ಹುಡುಕಬೇಕಾಗುತ್ತದೆ. ನಮ್ಮ ಬಳಿ ಜ್ಯೋತಿ, ಆದಿತ್ಯ, ದೀಪಕ್, ಶಕ್ತಿ ಎಂಬ ನಾಲ್ಕು ಟ್ಯಾಂಕರುಗಳಿವೆ. ಮೂರರಲ್ಲೊಂದು ಎಂಬ ಲೆಕ್ಕ ಹಿಡಿದರೆ ಎರಡೂ ಕರಾವಳಿಗಳಿಗೆ ಸೇರಿ ಒಂದೋ ಎರಡೋ! 2023ರಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಹಡಗುಕಟ್ಟೆಗೆ 44,000 ಟನ್ನಿನ ಐದು ಪೂರೈಕೆ ಹಡಗುಗಳ ಗುತ್ತಿಗೆ ಕೊಟ್ಟದ್ದು, ನನ್ನ ದೃಷ್ಟಿಯಲ್ಲಿ, ಆ ದಶಕದ ಅತಿ ಮುಖ್ಯ ನಿರ್ಧಾರಗಳಲ್ಲಿ ಒಂದು. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಸಣ್ಣದು.

ಪಟ್ಟಿಯ ಕೊನೆಯಲ್ಲಿ ಇತರೆ ಎಂದು ಬರೆಯುವ ಹಡಗುಗಳ ಬಗ್ಗೆಯೂ ಒಂದು ಮಾತು. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೋಗಿ ಕಾಣೆಯಾದ ಸುವರ್ಣ ತ್ರಿಭುಜ ಬೋಟನ್ನು ಇಲ್ಲಿ ಯಾರೂ ಮರೆತಿಲ್ಲ. ಮರುವರ್ಷದ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮಾಲವಣದ ಆಚೆ ಅದರ ಅವಶೇಷವನ್ನು ಪತ್ತೆಹಚ್ಚಿದ್ದು ನಿರೀಕ್ಷಕ್ ಎಂಬ ಮುಳುಗುಗಾರರ ನೆರವಿನ ಹಡಗು. ಕ್ಷಿಪಣಿಯಿಲ್ಲದ ಹಡಗು, ಯಾರ ಎಣಿಕೆಗೂ ಬಾರದ ಹಡಗು.

ಹಾಗಾದರೆ ನಿಮ್ಮ ಮಿಶ್ರಣ ಯಾವುದು ಎಂದು ನೀವು ಕೇಳುತ್ತೀರಿ, ತಪ್ಪಿಸಿಕೊಳ್ಳುವುದಿಲ್ಲ. ಭಾರತದಂಥ ಸ್ಥಾನದಲ್ಲಿರುವ ದೇಶಕ್ಕೆ, ನನ್ನ ಲೆಕ್ಕದಲ್ಲಿ, ಡೆಸ್ಟ್ರಾಯರುಗಳು ಹನ್ನೆರಡರ ಆಸುಪಾಸು ಸಾಕು. ಅವುಗಳ ಇಮ್ಮಡಿ ಫ್ರಿಗೇಟುಗಳು ಬೇಕು, ಅವುಗಳಲ್ಲಿ ಅರ್ಧದಷ್ಟು ಈಗಿನದಕ್ಕಿಂತ ಚಿಕ್ಕದಾಗಿ, ಅಗ್ಗವಾಗಿ, ಆದರೆ ಒಳ್ಳೆಯ ಸೋನಾರ್ ಮತ್ತು ಹೆಲಿಕಾಪ್ಟರ್ ಸಹಿತವಾಗಿ ಇರಬೇಕು. ಹೆಲಿಕಾಪ್ಟರ್ ಇಲ್ಲದ ಹಡಗನ್ನು ನಾನು ಅರ್ಧವೆಂದೇ ಎಣಿಸುತ್ತೇನೆ. ಹಡಗಿಗೆ ತಕ್ಕಷ್ಟು ಹೆಲಿಕಾಪ್ಟರುಗಳಿಲ್ಲದ ಕಾಲ ನಮ್ಮಲ್ಲಿ ಬಹಳ ದೀರ್ಘವಾಗಿತ್ತು, 24 ಎಂಎಚ್-60ಆರ್‌ಗಳ ಖರೀದಿಯಿಂದ ಈಗಷ್ಟೇ ಸುಧಾರಿಸುತ್ತಿದೆ. ಜಲಾಂತರ್ಗಾಮಿಗಳು 1999ರಲ್ಲಿ ಹೇಳಿದ 24, ಅವುಗಳಲ್ಲಿ ಆರು ಪರಮಾಣು ಚಾಲಿತ. ಟ್ಯಾಂಕರುಗಳು ಹಳೆಯವು ಹೊಸವು ಸೇರಿ ಒಂಬತ್ತು. ಗಸ್ತಿನ ಕೆಲಸವನ್ನು ಸಾಧ್ಯವಾದಷ್ಟು ಕೋಸ್ಟ್ ಗಾರ್ಡಿಗೆ ಬಿಡಬೇಕು, ಅವರ ಜಿಲ್ಲಾ ಕೇಂದ್ರ ಪಣಂಬೂರಿನಲ್ಲೇ ಇದೆ. ಇದಕ್ಕೆಲ್ಲ ಹಣ ಸಾಲದೆ ಏನನ್ನಾದರೂ ಮುಂದೂಡಬೇಕಾದರೆ ನಾನು ಮೂರನೆಯ ವಿಮಾನವಾಹಕವನ್ನು ಮುಂದೂಡುತ್ತೇನೆ. ಇದನ್ನು ಒಪ್ಪದ ಸ್ನೇಹಿತರು ಈ ಸಭೆಯಲ್ಲೇ ಇದ್ದಾರೆ, ಅವರ ವಾದಕ್ಕೂ ಗಟ್ಟಿ ಆಧಾರವಿದೆ. ಹಣದ ಸಾಲಿನಲ್ಲಿ ಅದು ಜಲಾಂತರ್ಗಾಮಿ ಮತ್ತು ಮೈನ್ ಹಡಗಿನ ಮುಂದೆ ನಿಲ್ಲಬಾರದೆಂಬುದಷ್ಟೇ ನನ್ನ ತಕರಾರು.

ಮೈನ್ ಬೇಟೆಯ ಹಡಗುಗಳು ಹನ್ನೆರಡು ಬಂದವೆಂದುಕೊಳ್ಳೋಣ. ಮೂರರಲ್ಲೊಂದರ ಲೆಕ್ಕದಲ್ಲಿ ಸದಾ ಸಿದ್ಧವಾಗಿರುವುದು ನಾಲ್ಕು, ಕಾಯಬೇಕಾದ ದೊಡ್ಡ ಬಂದರುಗಳು ಅದರ ಹಲವು ಪಟ್ಟು. ಮೊದಲು ಕಾರವಾರ, ಮುಂಬೈ, ಕೊಚ್ಚಿ, ವಿಶಾಖಪಟ್ಟಣಕ್ಕೆ. ಮಂಗಳೂರಿನ ಸರದಿ ಬರುವುದು ತಡವಾಗಿ. ಆದ್ದರಿಂದ ಕಂಟೇನರಿನಲ್ಲಿ ತುಂಬಿಟ್ಟು ಹಡಗು ಎಳೆಯುವ ಯಾವ ಟಗ್ಗಿನ ಮೇಲಾದರೂ ಇಳಿಸಬಹುದಾದ ಡ್ರೋನ್ ಸಲಕರಣೆ ಪ್ರತಿ ದೊಡ್ಡ ಬಂದರಿನಲ್ಲಿ ಇರಬೇಕು. ಟಗ್ಗು ಕಟ್ಟುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಮಲ್ಪೆಯಲ್ಲೇ ಇದೆ. ಸಲಕರಣೆಗಿಂತ ಮೊದಲು ಬೇಕಾದದ್ದು ಸಮುದ್ರತಳದ ನಕ್ಷೆ. ತಳದಲ್ಲಿ ಕಂಡ ವಸ್ತು ಮೈನೋ, ಹಳೆಯ ಲಂಗರೋ, ಹರಿದ ಬಲೆಯ ಗಂಟೋ ಎಂದು ಯುದ್ಧದ ದಿನ ಒಂದೊಂದನ್ನೇ ಪರೀಕ್ಷಿಸುತ್ತಾ ಕುಳಿತರೆ ವಾರಗಳು ಹೋಗುತ್ತವೆ. ಶಾಂತಿಯ ಕಾಲದಲ್ಲೇ ಪ್ರತಿಯೊಂದನ್ನೂ ಗುರುತಿಸಿಟ್ಟಿದ್ದರೆ ಹೊಸದಾಗಿ ಬಂದದ್ದನ್ನು ಮಾತ್ರ ನೋಡಿದರೆ ಸಾಕು. 2024ರಲ್ಲಿ ಸೇವೆಗೆ ಸೇರಿದ ಸಂಧಾಯಕ್ ಮತ್ತು ಅದರ ಜೊತೆಯ ಸರ್ವೆ ಹಡಗುಗಳು ಈ ಕೆಲಸ ಬಲ್ಲವು. ಪಣಂಬೂರಿನ ಆಚೆ ಬಲೆ ಸಿಕ್ಕಿಕೊಳ್ಳುವ ಜಾಗಗಳನ್ನು ನಮ್ಮ ಬೋಟುಗಳ ತಂಡೇಲರು ತಮ್ಮ ಜಿಪಿಎಸ್‌ನಲ್ಲಿ ಗುರುತು ಹಾಕಿಟ್ಟುಕೊಂಡಿರುತ್ತಾರೆ. ಜೂನ್, ಜುಲೈ ತಿಂಗಳುಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಅವರೆಲ್ಲ ದಡದಲ್ಲೇ ಇರುತ್ತಾರೆ; ಆ ಗುರುತುಗಳನ್ನು ಕೇಳಿ ಪಡೆದು ನಕ್ಷೆಗೆ ಸೇರಿಸುವುದಕ್ಕೆ ಹೊಸ ಹಡಗಿನ ಮಂಜೂರಾತಿಗೆ ಕಾಯಬೇಕಾಗಿಲ್ಲ.